ಗೆದ್ದಲು ತಿಂದ ತಾತ್ಪರ್ಯ

ಕುಮಟಾ
೧೪ ಜೂನ್ ೧೯೪೩

ಶ್ರೀಯುತ ರಮಾನಂದ ಅವರಿಗೆ ಸುಮತಿಯ ನಮಸ್ಕಾರ.

ಯಾವ ಸುಮತಿ ಎಂದು ನೀವು ಯೋಚಿಸುವ ಮೊದಲೇ ಹೇಳಿಬಿಡುತ್ತೇನೆ. ಹೊನ್ನಾವರದ ಶಾಲೆಯಲ್ಲಿ ನಮಗೆಲ್ಲ ಕಲಿಸಿದ ಹಿರೇಗುತ್ತಿ ಮಾಸ್ತರರ ಮಗಳು. ನೀವು ಈಗ ಭಟ್ಕಳದ ಟಪಾಲು ಕಚೇರಿಯಲ್ಲಿ ಕಾರಕೂನರೆಂದು ಇಲ್ಲಿಯ ಟಪಾಲಿನವರಿಂದ ತಿಳಿಯಿತು. ಈ ಪತ್ರಕ್ಕೆ ಅಲ್ಲಿ ಮುದ್ರೆ ಹೊಡೆಯುವವರೂ ನೀವೇ ಆಗಬಹುದೆಂದು ಅವರು ನಕ್ಕರು.

ಅಪ್ಪ ಮಾಘದಲ್ಲಿ ತೀರಿಕೊಂಡರು. ದೊಡ್ಡ ಕಾಯಿಲೆಯೇನಲ್ಲ, ವಯಸ್ಸಾಗಿತ್ತು. ಕೊನೆಯ ಹತ್ತು ವರ್ಷ ನನ್ನ ಜೊತೆ ಇಲ್ಲಿಯೇ ಇದ್ದರು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತೇನೆ. ಈಗ ಮನೆಯಲ್ಲಿ ಒಬ್ಬಳೇ.

ಅವರ ಮರದ ಪೆಟ್ಟಿಗೆಯಲ್ಲಿ ಆ ನೀತಿಕಥೆಗಳ ಪುಸ್ತಕ ಸಿಕ್ಕಿತು. ಇಂಗ್ಲಿಷಿನಿಂದ ಯಾವ ಕಾಲದಲ್ಲೋ ಯಾರೋ ಕನ್ನಡ ಮಾಡಿದ್ದು; ಹೆಸರಿನ ಪುಟ ನಾವು ಓದುವಾಗಲೇ ಇರಲಿಲ್ಲ. ಪ್ರಾಣಿಗಳೆಲ್ಲ ಅದರಲ್ಲಿ ಮನುಷ್ಯರ ಹಾಗೆ. 'ನರಿಯಾದವನು', 'ಕಾಗೆಯಾದವಳು', 'ಆಮೆಯಾದವನು ಮೌನದಿಂದಿದ್ದನು.' ನಿಮಗೂ ನೆನಪಿರಬೇಕು. ಪುಟಕ್ಕೊಂದು ಕಥೆ, ಅಡಿಯಲ್ಲಿ ದಪ್ಪ ಅಕ್ಷರದ ತಾತ್ಪರ್ಯ. ಪೆಟ್ಟಿಗೆಯ ತಳದಿಂದ ಗೆದ್ದಲು ಹತ್ತಿ ಪ್ರತಿ ಪುಟದ ಕೆಳಗಿನ ನಾಲ್ಕು ಬೆರಳಿನಷ್ಟನ್ನು ತಿಂದಿದೆ. ಕಥೆಗಳೆಲ್ಲ ಉಳಿದಿವೆ, ತಾತ್ಪರ್ಯ ಒಂದೂ ಇಲ್ಲ.

ಯುದ್ಧದಿಂದಾಗಿ ಕಾಗದವಿಲ್ಲ, ಹೊಸ ಪಠ್ಯ ಬಂದಿಲ್ಲ. ಹಳೆಯ ಕೋರ್ಟು ಕಾಗದಗಳ ಹಿಂಬದಿಯಲ್ಲಿ ಹುಡುಗಿಯರಿಂದ ಈ ಪುಸ್ತಕವನ್ನೇ ನಕಲು ಮಾಡಿಸುತ್ತಿದ್ದೇನೆ. ತಾತ್ಪರ್ಯಗಳನ್ನು ನಾನೇ ಬರೆಯಬಹುದೆಂದುಕೊಂಡೆ. ಎರಡು ಬರೆದೆ. ಓದಿ ನೋಡಿದರೆ ಇಂಗ್ಲಿಷ್ ದೊರೆಸಾನಿಗೆ ಸೀರೆ ಉಡಿಸಿದಂತಿತ್ತು. ಹರಿದು ಹಾಕಿದೆ.

ಹೊನ್ನಾವರಕ್ಕೆ ಬಂದದ್ದು ಎರಡೇ ಪ್ರತಿ ಎಂದು ಅಪ್ಪ ಹೇಳುತ್ತಿದ್ದರು. ಇನ್ನೊಂದನ್ನು ಅವರು ನಿಮಗೆ ಕೊಟ್ಟಿದ್ದರು. ಅದು ಇದ್ದರೆ ಒಂದು ತಿಂಗಳ ಮಟ್ಟಿಗೆ ಕಳಿಸಬಹುದೇ? ಇಲ್ಲವಾದರೆ, ನೀವು ಅದನ್ನು ಬಾಯಿಪಾಠ ಹೇಳುತ್ತಿದ್ದುದು ನನಗೆ ನೆನಪಿದೆ. ಉಳಿದಷ್ಟನ್ನು ಬರೆದು ಕಳಿಸಿದರೂ ಸಾಕು.

ಒತ್ತಾಯವಿಲ್ಲ.

ಸುಮತಿ

ಭಟ್ಕಳ
೬ ಜುಲೈ ೧೯೪೩

ಸುಮತಿಬಾಯಿ ಅವರಿಗೆ ನಮಸ್ಕಾರ.

ಮಾಸ್ತರರ ಸುದ್ದಿ ಓದಿ ಮುದ್ರೆಯನ್ನು ಕೆಳಗಿಟ್ಟು ಕೂತುಬಿಟ್ಟೆ. ಕಿಟಕಿಯಲ್ಲಿ ನಿಂತವರು 'ಎಂತ ಆತು ರಾಯರೇ?' ಎಂದು ಕೇಳಿದರು. ನನಗೆ ಕಲಿಸಿದವರು ಹೋದರು ಎಂದೆ. ಹೊಡೆಯದೆ ಕಲಿಸಿದವರು ಅವರೊಬ್ಬರೇ.

ನಿಮ್ಮ ಪತ್ರಕ್ಕೆ ಮುದ್ರೆ ಹೊಡೆದದ್ದು ನಾನೇ. ಒಡೆಯುವ ಮೊದಲೇ ಅಕ್ಷರದ ಗುರುತು ಸಿಕ್ಕಿತ್ತು.

ಪುಸ್ತಕ ಇಲ್ಲವೆಂದೇ ತಿಳಿಯಿರಿ. ನೀವು ಒಮ್ಮೆ ಬೇಡವೆಂದು ತಿರುಗಿ ಕಳಿಸಿದ್ದು ಅದು. ಹಾಗೆ ತಿರುಗಿ ಬಂದದ್ದನ್ನು ಯಾರು ಜೋಪಾನ ಮಾಡುತ್ತಾರೆ? ಬಾಯಿಪಾಠವೇನೋ ಇದೆ. ಆದರೆ ವಯಸ್ಸು ನಲವತ್ತೈದು, ಒಂದೇ ಸಲಕ್ಕೆ ಎಲ್ಲವೂ ನೆನಪಾಗುವುದಿಲ್ಲ. ನೆನಪಾದ ಹಾಗೆ ಒಂದೆರಡು ಕಳಿಸುತ್ತೇನೆ.

ನಾಯಿ ಮತ್ತು ಅವನ ನೆರಳು. ತಾತ್ಪರ್ಯ: ನೆರಳಿಗೆ ಬಾಯಿ ತೆರೆದವನು ಇದ್ದದ್ದನ್ನೂ ಕಳೆದುಕೊಂಡಾನು. ಇದ್ದದ್ದನ್ನು ಕಚ್ಚಿಕೊಂಡವನು ಬಾಯಿ ತೆರೆಯಲಾರನು.

ಆಮೆ ಮತ್ತು ಮೊಲ. ತಾತ್ಪರ್ಯ: ನಿಧಾನಿಸಿದವನೂ ತಲುಪಿಯಾನು. ತಲುಪಿದವನನ್ನು ತಡವೇಕೆಂದು ಕೇಳಬಾರದು.

ನನ್ನ ಹೆಂಡತಿ ಮಾದೇವಿ ತೀರಿಕೊಂಡು ಐದು ವರ್ಷವಾಯಿತು. ಮಕ್ಕಳಿಲ್ಲ. ನೀವು ನಿಮ್ಮ ಮನೆಯ ಸುದ್ದಿ ತಿಳಿಸಿದ್ದೀರೆಂದು ನಾನೂ ಬರೆದೆ.

ರಮಾನಂದ

ಕುಮಟಾ
೧೯ ಜುಲೈ ೧೯೪೩

ರಮಾನಂದ ಅವರಿಗೆ,

ಎರಡು ತಾತ್ಪರ್ಯಗಳನ್ನೂ ಹುಡುಗಿಯರು ಕೆಂಪು ಮಸಿಯಲ್ಲಿ ಬರೆದುಕೊಂಡರು. ಇಷ್ಟು ಉದ್ದವಿದ್ದವೇ ಎಂದು ನನಗೆ ಅನುಮಾನ ಬಂತು. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ.

ನಿಮ್ಮ ಪತ್ರದ ಒಂದು ಮಾತು ನನ್ನನ್ನು ಕುಟುಕಿತು. 'ಬೇಡವೆಂದು ತಿರುಗಿ ಕಳಿಸಿದ್ದು.' ಮರೆತೇಬಿಟ್ಟಿದ್ದೆ. ಇಪ್ಪತ್ತೊಂದನೆಯ ಇಸವಿಯ ಚೈತ್ರ ಇರಬೇಕು. ನಾನು ಮುಂಬಯಿಯಲ್ಲಿ ಮಾವನ ಮನೆಯಲ್ಲಿದ್ದು, ಆ ಸಂನ್ಯಾಸಿನಿಯರ ಶಾಲೆ ಮುಗಿಸಿ ಆಗಷ್ಟೇ ಹೊನ್ನಾವರಕ್ಕೆ ಬಂದಿದ್ದೆ. ಜಗಲಿಯಲ್ಲಿ ಕೂತಿದ್ದಾಗ ನಾಗಮ್ಮ ಬಂದಳು. ನಿಮಗೆ ಗೊತ್ತಲ್ಲ, ಊರವರ ಬಸಿರು, ಬಾಣಂತನ, ಮದುವೆ ಎಲ್ಲಕ್ಕೂ ಓಡಾಡುವ ನಾಗಮ್ಮ. ಈ ಪುಸ್ತಕದ ನಿಮ್ಮ ಪ್ರತಿಯನ್ನು ನನ್ನ ಮುಂದಿಟ್ಟು 'ರಮಾನಂದ ಕೊಟ್ಟದ್ದು. ಬೇಕಾ, ಬೇಡ್ವಾ?' ಎಂದಳು. ಅಪ್ಪನ ಪುಸ್ತಕವನ್ನು ನೀವು ತಿರುಗಿ ಕೊಡುತ್ತಿದ್ದೀರೆಂದು ನಾನು ತಿಳಿದೆ.

ಆ ದಿನಗಳಲ್ಲಿ ನನಗೆ ಕನ್ನಡದ ಎಲ್ಲವೂ ತಪ್ಪು ಅನುವಾದದ ಹಾಗೆ ಕಾಣುತ್ತಿತ್ತು. ಮೂಲದಲ್ಲಿ ನರಿ ಹಾರಿ ಹಾರಿ ಎಟುಕದೆ ಹುಳಿಯೆಂದು ಬಿಟ್ಟುಹೋದದ್ದು ದ್ರಾಕ್ಷಿಯನ್ನು. ನಮ್ಮ ಪುಸ್ತಕದಲ್ಲಿ ಅದು ನಮ್ಮ ಹಿತ್ತಲಿನ ಕೆಂಪು ಮುರುಗಲ ಹಣ್ಣು! ನಮ್ಮ ಕರಾವಳಿಯ ಮಕ್ಕಳು ದ್ರಾಕ್ಷಿ ಕಂಡಿಲ್ಲವೆಂದು ಆ ಮನುಷ್ಯ ಹಾಗೆ ಮಾಡಿರಬೇಕು. ಅಷ್ಟು ಯೋಚಿಸುವ ವಿನಯ ಆಗ ನನಗಿರಲಿಲ್ಲ. 'ಬೇಡ ನಾಗಮ್ಮ, ದ್ರಾಕ್ಷಿ ಅಂದ್ರೆ ಎಂತ ಅಂತ ಗೊತ್ತಿಲ್ಲದವರದ್ದು, ಬರೀ ಹುಳಿ, ತಕೊಂಡು ಹೋಗು' ಎಂದು ನಕ್ಕೆ.

ಅಪ್ಪ ಪ್ರೀತಿಸಿದ, ನೀವೂ ಪ್ರೀತಿಸಿದ ಪುಸ್ತಕ. ಆ ನಗುವಿಗಾಗಿ ಈಗ ಕ್ಷಮೆ ಕೇಳುತ್ತಿದ್ದೇನೆ. ಪುಸ್ತಕಕ್ಕಾದ ಅವಮಾನವನ್ನು ಇಷ್ಟು ವರ್ಷ ನೆನಪಿಟ್ಟವರು ನೀವೊಬ್ಬರೇ ಇರಬೇಕು.

ಮುಂದಿನ ಸಲ ನರಿ ಮತ್ತು ಮುರುಗಲ ಹಣ್ಣಿನ ತಾತ್ಪರ್ಯವನ್ನೇ ಮೊದಲು ಕಳಿಸಿ. ಮಕ್ಕಳು ಅದಕ್ಕಾಗಿ ಜಗಳಾಡುತ್ತಿದ್ದಾರೆ.

ಸುಮತಿ

ಭಟ್ಕಳ
೨೪ ಆಗಸ್ಟ್ ೧೯೪೩

ಸುಮತಿಬಾಯಿ ಅವರಿಗೆ,

ಉತ್ತರ ತಡವಾಯಿತು. ಶರಾವತಿಗೆ ನೆರೆ ಬಂದು ಹೊಳೆ ದಾಟಿಸುವ ತಾರಿಯ ದೋಣಿಗಳು ಎಂಟು ದಿನ ಕದಲಲಿಲ್ಲ. ಟಪಾಲಿನ ಚೀಲಗಳು ಆಚೆ ದಂಡೆಯಲ್ಲೇ ಕೂತಿದ್ದವು. ಉಳಿದ ದಿನಗಳಿಗೆ ನೆಪವಿಲ್ಲ. ಬರೆದು ಬರೆದು ಬಿಟ್ಟೆ.

ಕ್ಷಮೆ ಕೇಳುವಂಥದ್ದೇನೂ ಇಲ್ಲ. ನೀವು ಹೇಳಿದ್ದು ನಿಜವೇ ಆಗಿತ್ತು. ದ್ರಾಕ್ಷಿ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮೂವತ್ತೊಂದನೆಯ ವಯಸ್ಸಿನಲ್ಲಿ ತರಬೇತಿಗೆಂದು ಬೆಳಗಾವಿಗೆ ಹೋದಾಗ ಮೊದಲು ಮಾಡಿದ ಕೆಲಸ ದ್ರಾಕ್ಷಿ ಕೊಂಡು ತಿಂದದ್ದು. ಸಿಹಿಯಾಗಿತ್ತು, ನೀರು ನೀರು. ಇಷ್ಟಕ್ಕೇ ಅಷ್ಟೊಂದು ಹಾರಿದನೇ ಆ ನರಿಯಾದವನು, ಎನ್ನಿಸಿತು. ಮತ್ತೆ ತಿನ್ನಲಿಲ್ಲ.

ಶಾಲೆಯ ಹಿಂದಿನ ಮುರುಗಲ ಮರ ನೆನಪಿದೆಯೇ? ಮಳೆ ಬೀಳುವ ಮುಂಚೆ ಹಣ್ಣು ಉದುರುತ್ತಿತ್ತು. ನೀವು ಲಂಗದ ತುದಿಯಲ್ಲಿ ಉಪ್ಪು ಕಟ್ಟಿಕೊಂಡು ಬರುತ್ತಿದ್ದಿರಿ. ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಪುಸ್ತಕ. ಕೈ ಕೆಂಪಾಗಿದೆಯೆಂದು ಮಾಸ್ತರರು ಬಯ್ಯಲಿಲ್ಲ. 'ಪಾಠ ಮೈಗೆ ಹತ್ತಿದೆ' ಎಂದಿದ್ದರು.

ಪಕ್ಕದ ಮನೆಯ ನವಾಯತ ಮುಸಲ್ಮಾನ ಅಜ್ಜಿಗೆ ಈ ಕಥೆ ಹೇಳಿದೆ. ಅವರ ಮನೆಯಲ್ಲಿ ಅದು ಖರ್ಜೂರವಂತೆ, ಅವರ ಅಜ್ಜಿ ಹಾಗೇ ಹೇಳುತ್ತಿದ್ದರಂತೆ. 'ಖರ್ಜೂರ ಹುಳಿ ಅಂದ್ರೆ ಆ ನರೀನ ಯಾರು ನಂಬ್ತಾರೆ ಅಜ್ಜಿ?' ಎಂದೆ. 'ನಂಬೂದು ಯಾರಿಗೆ ಬೇಕು ಬಾಬಾ, ಅದಕ್ಕೆ ತನ್ನ ಮುಖ ಉಳಿಸ್ಕೊಳ್ಳೂದಿತ್ತು' ಎಂದರು.

ಕಾಗೆ ಮತ್ತು ರೊಟ್ಟಿ. ತಾತ್ಪರ್ಯ: ಹೊಗಳಿಕೆಗೆ ಬಾಯಿಬಿಟ್ಟವಳು ರೊಟ್ಟಿಯನ್ನು ಕಳೆದುಕೊಂಡಳು. ಬಾಯಿಬಿಡದವಳ ದನಿಯನ್ನು ಯಾರೂ ಕೇಳಲಿಲ್ಲ.

ನರಿಯದ್ದು ಇನ್ನೂ ನೆನಪಾಗಿಲ್ಲ.

ರಮಾನಂದ

ಕುಮಟಾ
೯ ಸೆಪ್ಟೆಂಬರ್ ೧೯೪೩

ರಮಾನಂದ ಅವರಿಗೆ,

ಉಪ್ಪು ತರುತ್ತಿದ್ದುದು ಹೌದು. ಅಮ್ಮನಿಗೆ ತಿಳಿಯದ ಹಾಗೆ.

ತರಗತಿಯಲ್ಲಿ ದುರ್ಗಿ ಎಂಬವಳಿದ್ದಾಳೆ. ಮೀನುಗಾರರ ಕೇರಿಯವಳು, ಹನ್ನೊಂದು ವರ್ಷ. ಅವಳು ಎದ್ದು ನಿಂತು, 'ಅಕ್ಕೋರೇ, ನರಿ ಸುಳ್ಳು ಹೇಳ್ಲಿಲ್ಲಲ್ಲ? ಮುರುಗಲು ಹುಳಿಯೇ ಅಲ್ದಾ?' ಎಂದು ಕೇಳಿದಳು. ಉಳಿದವರು ನಕ್ಕರು. 'ಎಂತಕ್ಕೆ ನಗ್ತ್ರಿ? ಹುಳಿ ಅಂತಲೇ ಅಲ್ದಾ ಸಾರಿಗೆ ಹಾಕೂದು? ಸಿಹಿ ಇದ್ರೆ ಯಾರು ತರ್ತಿದ್ರು?' ಮುಂಬಯಿಯಲ್ಲಿ ನಾನು ಕಲಿತ ಕಥೆಯಲ್ಲಿ ಹುಳಿ ಎಂದರೆ ಬೇಡ ಎಂದರ್ಥ. ಈ ಊರಿನಲ್ಲಿ ಹಾಗಲ್ಲ. ಆ ಅನುವಾದಕ ಒಂದು ಹಣ್ಣು ಬದಲಿಸಿ ಇಡೀ ಕಥೆಯನ್ನು ಕೆಡಿಸಿದನೋ, ನಮಗೆಂದೇ ಬೇರೊಂದು ಕಥೆ ಬರೆದುಕೊಟ್ಟನೋ? ಅವನು ಅಡಿಯಲ್ಲಿ ಏನು ಬರೆದಿದ್ದನೆಂದು ತಿಳಿಯದೆ ನನಗೆ ಸಮಾಧಾನವಿಲ್ಲ.

ನೆನಪಾಗದಿದ್ದರೆ ಹಾಗೆಂದೇ ಹೇಳಿ, ಬೇಸರವಿಲ್ಲ. ಉಳಿದವನ್ನಾದರೂ ಬೇಗ ಕಳಿಸಿ. ಟಪಾಲು ತರುವ ಇದ್ದಿಲ ಗ್ಯಾಸಿನ ಮೋಟಾರು ಕೆಮ್ಮುತ್ತ ಬರುವ ಸದ್ದು ಕೇಳಿದರೆ ನಾನು, ಅಂದರೆ ನಾವು ಶಾಲೆಯವರೆಲ್ಲ, ಕಿಟಕಿಯ ಕಡೆ ನೋಡುತ್ತೇವೆ.

ಸುಮತಿ

ಭಟ್ಕಳ
೩೦ ಅಕ್ಟೋಬರ್ ೧೯೪೩

ಸುಮತಿಬಾಯಿ ಅವರಿಗೆ,

ದುರ್ಗಿಯ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವಳು ಇಪ್ಪತ್ತು ವರ್ಷ ಮೊದಲು ಹುಟ್ಟಿ ಒಬ್ಬ ನರಿಗೆ ಇದನ್ನು ಹೇಳಿದ್ದರೆ ಚೆನ್ನಾಗಿತ್ತು.

ಇಲ್ಲಿಯ ಸುದ್ದಿ: ನನಗೆ ರತ್ನಾಗಿರಿಗೆ ವರ್ಗವಾಗಿದೆ. ಮಾರ್ಚಿನಲ್ಲಿ ಹೋಗಬೇಕು. ಬೇರೆ ಕಡೆ ಜಾಗ ತೆರವಾದರೆ ಅರ್ಜಿ ಹಾಕಬಹುದಂತೆ. ಆದರೆ ಅರ್ಜಿಯಲ್ಲಿ ಕಾರಣ ಬರೆಯಬೇಕಂತೆ. ಏನೆಂದು ಬರೆಯಲಿ?

ಜೊಂಡು ಮತ್ತು ಹೊನ್ನೆಯ ಮರ. ತಾತ್ಪರ್ಯ: ಬಾಗಿದವನು ಉಳಿದನು. ಬಾಗಿದವನಿಗೆ ನೋವಿಲ್ಲವೆಂದು ತಿಳಿಯಬಾರದು.

ರಮಾನಂದ

ಕುಮಟಾ
೧೨ ನವೆಂಬರ್ ೧೯೪೩

ರಮಾನಂದ ಅವರಿಗೆ,

ವರ್ಗದ ಸುದ್ದಿ ಓದಿ ಸಂತೋಷವಾಯಿತು. ರತ್ನಾಗಿರಿ ದೊಡ್ಡ ಊರು. ಒಳ್ಳೆಯ ಮಾವು, ಒಳ್ಳೆಯ ಬಂದರು. ಇಲ್ಲಿ ಏನಿದೆ? ಕುಮಟೆಗೆ ಬಂದವರೂ ಆರು ತಿಂಗಳಿಗೆ ಬೇಸತ್ತು ಹೋಗುತ್ತಾರೆ. ಬೇರೆ ಕಡೆ ಅರ್ಜಿ ಹಾಕಲು ಕಾರಣವೇ ಹೊಳೆಯದಿದ್ದರೆ, ಹಾಕಬಾರದು ಎಂದೇ ಅರ್ಥವಲ್ಲವೇ?

ಕೊನೆಗೂ ಹೊಸ ಪಠ್ಯ ಬಂತು. ತೆಳುವಾದ ಯುದ್ಧಕಾಲದ ಕಾಗದ. ಅದರಲ್ಲಿ ನರಿಗೆ ದ್ರಾಕ್ಷಿಯೇ ಸಿಕ್ಕಿದೆ, ಎಲ್ಲವೂ ಸರಿಯಾಗಿದೆ. 'ನರಿಯು ಹಾರಿತು, ನರಿಯು ಹೋಯಿತು.' ತಾತ್ಪರ್ಯವೂ ಇದೆ, ಮೂರೇ ಶಬ್ದ. ಹುಡುಗಿಯರು ಓದಿ ಮುಚ್ಚಿಟ್ಟು, 'ಅಕ್ಕೋರೇ, ನಮ್ಮ ನರಿಯಾದವನನ್ನು ಓದುವಾ' ಎಂದರು. ಅವನು ತಪ್ಪು ಅನುವಾದ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವನಿಗೆ ನಾಚಿಕೆಯಿದೆ. ತಿರುಗಿ ನೋಡುತ್ತ ಹೋಗುತ್ತಾನೆ. ಹೊಸ ಪಠ್ಯದ ನರಿ ತಿರುಗಿ ನೋಡುವುದಿಲ್ಲ.

ಹೊಸ ಪುಸ್ತಕ ಬಂದಿರುವುದರಿಂದ ಇನ್ನು ನೀವು ಶ್ರಮ ತೆಗೆದುಕೊಳ್ಳಬೇಕಿಲ್ಲ. ಇಷ್ಟು ದಿನ ಮಾಡಿದ ಉಪಕಾರಕ್ಕೆ ಋಣಿ.

ಸುಮತಿ

ಹೊನ್ನಾವರ
೧೭ ಜನವರಿ ೧೯೪೪

ರಮಾನಂದ,

ಎರಡು ತಿಂಗಳು ಇಬ್ಬರೂ ಬರೆದಿಲ್ಲ. ಈ ಪತ್ರವನ್ನು ನಾಗಮ್ಮನ ಜಗಲಿಯಲ್ಲಿ ಕೂತು, ಅವಳ ಮೊಮ್ಮಗಳ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮುಚ್ಚಿಡದೆ ಬರೆಯುತ್ತೇನೆ. ನಿನ್ನೆ ನಾನು ಹೊರಟದ್ದು ಭಟ್ಕಳಕ್ಕೆ. ನರಿಯ ತಾತ್ಪರ್ಯ ಕೇಳಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಶರಾವತಿಯ ತಾರಿಯ ತನಕ ಬಂದೆ. ದೋಣಿ ಬಂತು, ತುಂಬಿತು, ಕಾಸರಕೋಡಿನ ದಂಡೆಗೆ ಹೋಗಿ ಮತ್ತೆ ಬಂತು. ಮೂರು ಸಲ. ನಾನು ಹತ್ತಲಿಲ್ಲ. ನಲವತ್ತಮೂರು ವರ್ಷದ ಹೆಂಗಸು ಪುಸ್ತಕದ ಒಂದು ಸಾಲು ಕೇಳಲು ಹೊಳೆ ದಾಟಿ ಬಂದಿದ್ದಾಳೆಂದರೆ ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ.

ತಿರುಗಿ ಬರುವಾಗ ನಾಗಮ್ಮನ ಮನೆಯ ಮುಂದೆ ಹಾದೆ. ಬೆನ್ನು ಬಾಗಿದೆ, ಬಾಯಿ ಹಾಗೇ ಇದೆ.

'ಎಂತ ತಂಗಿ, ಮಾಸ್ತರರ ಮಗಳಲ್ದಾ? ಮುಖ ಎಂತಕ್ಕೆ ಹಾಂಗೆ? ದೋಣಿ ತಪ್ಪಿತಾ?'

'ತಪ್ಪಲಿಲ್ಲ ನಾಗಮ್ಮ, ಹತ್ತಲಿಲ್ಲ. ಭಟ್ಕಳಕ್ಕೆ ಹೊರಟಿದ್ದೆ. ರಮಾನಂದರ ಹತ್ರ ಒಂದು ಮಾತು ಕೇಳೂದಿತ್ತು.'

ಅವಳು ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. 'ಆಗ ಬೇಡ ಅಂದವ್ಳಿಗೆ ಈಗ ಎಂತ ಮಾತು?'

'ಪುಸ್ತಕ ಬೇಡ ಅಂದದ್ದು ಹೌದು. ಆಗ ಬುದ್ಧಿ ಇರ್ಲಿಲ್ಲ.'

'ಪುಸ್ತಕದ ಮಾತು ಯಾರು ಕೇಳಿದ್ರು? ನಾ ಕೇಳಿದ್ದು ಗಂಡಿನ ಮಾತು.'

ನಾನು ಜಗಲಿ ಹತ್ತಿ ಅವಳೆದುರು ಕೂತೆ. 'ಹಾಗಂತ ನೀನು ಹೇಳಲೇ ಇಲ್ಲವಲ್ಲ!'

'ಗಂಡಿನ ಮಾತು ಹೆಣ್ಣಿನ ಎದುರು ಬಾಯಿಬಿಟ್ಟು ಹೇಳೂದು ಉಂಟನೇ? ಅವ ಕೊಟ್ಟ ವಸ್ತು ಮುಂದೆ ಇಡೂದು, ಬೇಕಾ ಬೇಡ್ವಾ ಕೇಳೂದು. ಎಲ್ಲರಿಗೂ ಹಾಂಗೇ ಕೇಳಿದ್ದು ನಾನು. ಸೀರೆ ಬಂದ್ರೆ ಸೀರೆ, ಬಳೆ ಬಂದ್ರೆ ಬಳೆ. ಅವ ಪುಸ್ತಕ ಕೊಟ್ಟ. ನಿಮ್ಮಪ್ಪಯ್ಯನೇ ಹೇಳಿದ್ರು, ಅವಳು ಓದಿದವ್ಳು, ಅವಳನ್ನೇ ಕೇಳು ಅಂತ. ನೀನು ಹುಳಿ, ತಕೊಂಡು ಹೋಗು ಅಂದೆ. ನಾ ಹೋಗಿ ಹಾಂಗೇ ಹೇಳ್ದೆ.'

'ಅವರು ಎಂತ ಹೇಳಿದ್ರು?'

'ಎಂತ ಹೇಳ್ತಾರೆ? ನಂಗೆ ಮಜ್ಜಿಗೆ ಕೊಟ್ರು. ಬಿಸಿಲಾಗಿತ್ತು.'

ರಮಾನಂದ, ನಮ್ಮ ಭಾಷೆಯಲ್ಲಿ 'ಬೇಕಾ' ಎಂದರೆ ಸಾಕು, ಯಾವುದು, ಯಾರು ಎಂದು ಹೇಳಬೇಕಿಲ್ಲ. ಇಂಗ್ಲಿಷಿನಲ್ಲಾಗಿದ್ದರೆ ನಾಗಮ್ಮ 'ಅವನು' ಎನ್ನಲೇಬೇಕಿತ್ತು, ನಾನು 'ಅದು' ಎನ್ನಲೇಬೇಕಿತ್ತು. ಅಲ್ಲೇ ತಪ್ಪು ತಿಳಿದುಬಿಡುತ್ತಿತ್ತು. ಅನುವಾದದ ತಪ್ಪು ಹುಡುಕಿ ನಗುತ್ತಿದ್ದವಳಿಗೆ ಅವಳದೇ ಭಾಷೆಯ ಒಂದು ಪ್ರಶ್ನೆ ಅರ್ಥವಾಗಲಿಲ್ಲ.

ಆ ವರ್ಷ ನೀವು ಕೇಳಿ ಕಳಿಸುತ್ತೀರೆಂದು ನಾನು ಕಾದಿದ್ದೆ. ಮಳೆ ಬಂತು, ಹೋಯಿತು. ಕಾರ್ತಿಕದಲ್ಲಿ ಭಟ್ಕಳದಲ್ಲಿ ನಿಮ್ಮ ಮದುವೆಯಾಯಿತೆಂದು ಕೇಳಿದೆ. 'ಟಪಾಲಿನ ಕಾರಕೂನ ತಾನೇ' ಎಂದುಕೊಂಡೆ. ನಾನೂ ಆ ನರಿಯ ಹಾಗೆ ತಿರುಗಿ ನೋಡುತ್ತಲೇ ಹೋದವಳು.

ನೀವು ರತ್ನಾಗಿರಿಗೆ ಹೋಗುವ ಮೊದಲು ಇಷ್ಟು ನಿಮಗೆ ತಿಳಿದಿರಲಿ. ಅಪ್ಪನಿಗೆ ಕೊನೆಗೂ ತಿಳಿಯಲಿಲ್ಲ. ನನ್ನ ಮಾತೇ ಕೊನೆಯದೆಂದು ಗೌರವಿಸಿ ಇಪ್ಪತ್ತೆರಡು ವರ್ಷ ಸುಮ್ಮನಿದ್ದರು.

ಸುಮತಿ

ಭಟ್ಕಳ
೨ ಫೆಬ್ರವರಿ ೧೯೪೪

ಸುಮತಿ,

'ಬಾಯಿ' ಬಿಟ್ಟಿದ್ದೇನೆ, ಎರಡೂ ಅರ್ಥದಲ್ಲಿ. ಶಾಲೆಯಲ್ಲಿ ಕರೆಯುತ್ತಿದ್ದಂತೆ ನೀನು ಎಂದೇ ಬರೆಯುತ್ತೇನೆ.

ಈ ಪತ್ರದ ಜೊತೆ ಒಂದು ರಿಜಿಸ್ಟರ್ ಪಾರ್ಸೆಲ್ಲು ಬರುತ್ತದೆ. ಪುಸ್ತಕ. ಅದು ನನ್ನಲ್ಲೇ ಇತ್ತು. ಬಾಯಿಪಾಠ ಯಾವ ಕಾಲಕ್ಕೋ ಹೋಗಿದೆ. ಮುಂದಿಟ್ಟುಕೊಂಡೇ ನಿನಗೆ ಬರೆಯುತ್ತಿದ್ದೆ. ಎಲ್ಲವನ್ನೂ ಒಮ್ಮೆಗೇ ಕಳಿಸಿದರೆ ನಿನ್ನ ಪತ್ರ ಅಲ್ಲಿಗೆ ನಿಲ್ಲುತ್ತದಲ್ಲ, ಅದಕ್ಕೆ ಒಂದೊಂದಾಗಿ ಕಳಿಸಿದೆ. ಇನ್ನೊಂದು ಕಳ್ಳತನವೂ ಇದೆ. ಪ್ರತಿ ತಾತ್ಪರ್ಯದ ಮೊದಲ ವಾಕ್ಯ ಮಾತ್ರ ಪುಸ್ತಕದ್ದು. ಎರಡನೆಯದು ನನ್ನದು. ಹುಡುಗಿಯರು ಕೆಂಪು ಮಸಿಯಲ್ಲಿ ಬರೆದುಕೊಂಡರೆಂದು ಓದಿದಾಗ ಹೆದರಿದೆ. ಆಮೇಲೆ ಇರಲಿ ಎಂದುಕೊಂಡೆ.

ನರಿಯದ್ದನ್ನು ಯಾಕೆ ಕಳಿಸಲಿಲ್ಲ ಎಂದು ಆ ಪುಟ ತೆಗೆದರೆ ತಿಳಿಯುತ್ತದೆ. ತಾತ್ಪರ್ಯದ ಮೇಲೆ ಅಂಗೈಯಗಲ ಮುರುಗಲ ಕಲೆ. ಚೆಲ್ಲಿದ್ದು ನಾನೋ ನೀನೋ, ಹತ್ತು ವರ್ಷದ ಕೈ. ಒಂದಕ್ಷರವೂ ಕಾಣುವುದಿಲ್ಲ. ಕಲೆಯಿದೆ ಎಂದು ಬರೆದರೆ ಪುಸ್ತಕವಿದೆ ಎಂದು ಬರೆದಂತೆ. ಸುಳ್ಳು ಬರೆಯೋಣವೆಂದರೆ ಆ ಒಂದು ಕಥೆಯಲ್ಲಿ ಕೈ ಬರಲಿಲ್ಲ.

ಪುಟಗಳ ನಡುವೆ ಬಜೆಯ ಬೇರಿನ ಚೂರುಗಳಿವೆ, ಕೊಡವಬೇಡ. ಅವುಗಳನ್ನಿಟ್ಟವಳು ಮಾದೇವಿ. ಅವಳಿಗೆ ಓದು ಬರುತ್ತಿರಲಿಲ್ಲ. ಇದು ಎಂತ ಪುಸ್ತಕ ಎಂದು ಒಮ್ಮೆಯೂ ಕೇಳಲಿಲ್ಲ. ಪ್ರತಿ ವರ್ಷ ಬಿಸಿಲಿಗೆ ಹಾಕಿ, ಹೊಸ ಬೇರಿಟ್ಟು, 'ನಿಮ್ಮದಕ್ಕೆ ಗೆದ್ದಲು ಬರ್ಲಿಲ್ಲ' ಎನ್ನುತ್ತಿದ್ದಳು. ಒಳ್ಳೆಯವಳು. ಅವಳ ಜೊತೆ ನಾನು ಸುಖವಾಗಿಯೇ ಇದ್ದೆ. ಅದನ್ನೂ ನಿನಗೆ ಹೇಳಬೇಕು.

ಈಗ ಮುಖ್ಯ ಮಾತು. ಕುಮಟೆಯ ಟಪಾಲಿನಲ್ಲಿ ಒಂದು ಜಾಗ ತೆರವಾಗಿದೆ. ಅರ್ಜಿ ಹೋಗಲು ಈ ತಿಂಗಳ ಹದಿನೈದು ಕೊನೆಯ ದಿನ. ಕಾರಣ ಬರೆಯಬೇಕು. ಅದಕ್ಕೇ ಕೇಳುತ್ತಿದ್ದೇನೆ. ಈ ಸಲ ನಾಗಮ್ಮನ ಪದ್ಧತಿಯಲ್ಲಲ್ಲ, ಕರ್ತೃ ಕರ್ಮ ಎಲ್ಲ ಹಚ್ಚಿ, ನಿನ್ನ ಮುಂಬಯಿ ಶಾಲೆಯವರು ಮೆಚ್ಚುವ ಹಾಗೆ. ನಾನು ಕೇಳುತ್ತಿರುವುದು ಪುಸ್ತಕವನ್ನಲ್ಲ. ತಲೆ ಅರ್ಧ ನೆರೆತ, ದ್ರಾಕ್ಷಿಯನ್ನು ಒಂದೇ ಸಲ ತಿಂದ ರಮಾನಂದನೆಂಬವನು ಕುಮಟೆಗೆ ಬಂದು, ಊರವರೆಲ್ಲರ ಎದುರು ನಿನ್ನನ್ನು ಮದುವೆಯಾಗಿ, ಉಳಿದ ಆಯುಷ್ಯವನ್ನು ನಿನ್ನ ಜೊತೆ ಕಳೆಯುವುದು.

ಬೇಕಾ, ಬೇಡವಾ?

ಬೇಡವೆಂದರೂ ಪುಸ್ತಕವನ್ನು ತಿರುಗಿ ಕಳಿಸಬೇಡ.

ರಮಾನಂದ

ಕುಮಟಾ
೮ ಫೆಬ್ರವರಿ ೧೯೪೪

ಪಾರ್ಸೆಲ್ಲು ಇಂದು ಬೆಳಿಗ್ಗೆ ತಲುಪಿತು. ಶಾಲೆಗೆ ಒಯ್ದೆ.

ಕಲೆಯ ಪುಟವನ್ನು ಹುಡುಗಿಯರು ಕಿಟಕಿಗೆ ಹಿಡಿದು ನೋಡಿದರು, ಕೆಂಪಲ್ಲದೆ ಏನೂ ಕಾಣಲಿಲ್ಲ. ಒಂದು ಪ್ರತಿಯಲ್ಲಿ ಗೆದ್ದಲು, ಒಂದರಲ್ಲಿ ಮುರುಗಲು. ಆ ಹೆಸರಿಲ್ಲದ ಅನುವಾದಕ ಏನು ಬರೆದಿದ್ದನೋ ಇನ್ನು ಯಾರಿಗೂ ತಿಳಿಯುವಂತಿಲ್ಲ. ನಾವೇ ಬರೆಯೋಣ ಎಂದೆ. ಒಬ್ಬೊಬ್ಬರೂ ಒಂದೊಂದು ಹೇಳಿದರು. ದುರ್ಗಿ ಇನ್ನೂ ಪುಟವನ್ನು ಕಿಟಕಿಗೆ ಹಿಡಿದೇ ಇದ್ದಳು. ನಿನ್ನದು ಎಂತ ಎಂದು ಕೇಳಿದೆ. 'ನಂದು ತಾತ್ಪರ್ಯ ಅಲ್ಲ ಅಕ್ಕೋರೇ, ನರಿಗೆ ಒಂದು ಮಾತು ಹೇಳೂದಿತ್ತು. ಹುಳಿ ಅಂದ್ರೆ ಎಂತಾತು, ಮರದ ಕೆಳಗೇ ಕೂತ್ಕೊ. ಹಣ್ಣಾದ್ಮೇಲೆ ತನ್ನಷ್ಟಕ್ಕೆ ಬೀಳ್ತದೆ' ಎಂದಳು.

ಅದನ್ನು ಪುಸ್ತಕದ ಭಾಷೆಗೆ ತಿರುಗಿಸಿದೆ. ನಾನು ಮಾಡಿದ ಅನುವಾದಗಳಲ್ಲಿ ಹರಿದು ಹಾಕದೆ ಉಳಿದದ್ದು ಇದೊಂದೇ. ಹುಡುಗಿಯರು ಕೆಂಪು ಮಸಿಯಲ್ಲಿ ಬರೆದುಕೊಂಡಿದ್ದಾರೆ:

ನರಿ ಮತ್ತು ಮುರುಗಲ ಹಣ್ಣು. ತಾತ್ಪರ್ಯ: ಹುಳಿ ಎಂದವಳು ಬೇಡ ಎಂದಳೆಂದು ತಿಳಿಯಬಾರದು. ಮರದ ಕೆಳಗೆ ಕಾದವನಿಗೆ ಹಣ್ಣು ತಾನಾಗಿ ದೊರಕಿತು.

ಎರಡನೆಯ ವಾಕ್ಯ ಉದ್ದವಾಯಿತೇನೋ. ಉದ್ದ ಮಾಡುವುದನ್ನು ಕಲಿತದ್ದು ಎಲ್ಲಿಂದಲೆಂದು ಭಟ್ಕಳದ ಕಾರಕೂನರಿಗೆ ಗೊತ್ತಿರುತ್ತದೆ.

ಟಪಾಲು ಕಟ್ಟುವ ಹೊತ್ತಾಯಿತು. ಹದಿನೈದಕ್ಕೆ ಇನ್ನು ಏಳು ದಿನ. ಈಗ ನೆರೆಯಿಲ್ಲ, ತಾರಿ ನಡೆಯುತ್ತಿದೆ, ತಲುಪುತ್ತದೆ. ಆ ಕೊನೆಯ ಪ್ರಶ್ನೆಗೆ ಕರ್ತೃ ಕರ್ಮ ಹಚ್ಚಿ ಉತ್ತರ ಬರೆಯಲು ಕೂತೆ. ಮೂರು ಸಲ ಬರೆದೆ, ಮೂರೂ ಸಲ ಇಂಗ್ಲಿಷಿನಂತೆ ಕಂಡಿತು. ನಾಗಮ್ಮನ ಪದ್ಧತಿಯೇ ಸರಿ. ಯಾವುದು, ಯಾರು ಎಂದು ಈ ಸಲ ಇಬ್ಬರಿಗೂ ಗೊತ್ತಿದೆ.

ಬೇಕು.